ರಂಗೋಲಿಯ ನಡುಗಟ್ಟೆ

ಪಕ್ಕದ ಮನೆಯವರು ಅಡುಗೆಮನೆ ಒಡೆಸುತ್ತಿದ್ದಾರೆ. ಬೆಳಿಗ್ಗೆ ಒಂಬತ್ತಕ್ಕೆ ಶುರುವಾಗುವ ಕಲ್ಲು ಕೊಯ್ಯುವ ಯಂತ್ರ ಊಟದ ಹೊತ್ತಿನವರೆಗೂ ಬಾಯಿ ಮುಚ್ಚುವುದಿಲ್ಲ. ಅದರ ಬೂದುಬಣ್ಣದ ಹುಡಿ ನಮ್ಮ ಕಿಟಕಿ ದಾಟಿ ಬಂದು, ಮುಚ್ಚಿಟ್ಟ ಹಾಲಿನ ಪಾತ್ರೆಯ ಮೇಲೂ ಕೂತಿರುತ್ತದೆ. ಸಿಡುಕಿಯೆಂದು ಈ ಓಣಿಯಲ್ಲಿ ಹೆಸರು ಮಾಡಿದವಳು ನಾನು. ಹೋಗಿ ನಾಲ್ಕು ಮಾತು ಆಡಿ ಬರೋಣವೆಂದು ಇವತ್ತು ಸೆರಗು ಸಿಕ್ಕಿಸಿಕೊಂಡು ಎದ್ದೂ ಇದ್ದೆ. ಅಷ್ಟರಲ್ಲಿ ಕೊಯ್ದ ಕಲ್ಲಿಗೆ ನೀರು ಹಾಕಿದ ವಾಸನೆ ಬಂತು. ನಿಮಗೆ ಆ ವಾಸನೆಯ ಪರಿಚಯವಿದೆಯೋ ಇಲ್ಲವೋ, ಸುಟ್ಟ ವಾಸನೆಯೂ ಹೌದು, ಹಸಿ ವಾಸನೆಯೂ ಹೌದು. ಮೂಗಿಗೆ ಬಿದ್ದ ಕೂಡಲೇ ನನ್ನ ಜಗಳದ ಹುರುಪು ಇಳಿದುಹೋಯಿತು. ಏಳು ವರ್ಷದ ಹಿಂದೆ ನಮ್ಮ ಮನೆಯಲ್ಲೂ ಇದೇ ವಾಸನೆ ತಿಂಗಳುಗಟ್ಟಲೆ ಇತ್ತು. ಆಗ ಈ ಪಕ್ಕದ ಮನೆಯವರು ತುಟಿಪಿಟಕ್ಕೆನ್ನದೆ ನಮ್ಮ ಹುಡಿ ಕುಡಿದಿದ್ದರು.

ಆ ರಾಮಾಯಣಕ್ಕೆಲ್ಲ ಕಾರಣ ಒಂದು ಗೃಹಪ್ರವೇಶ. ನಮ್ಮ ಕಚೇರಿಯ ಸಹೋದ್ಯೋಗಿಯೊಬ್ಬರು ಊರ ಹೊರಗಿನ ಬಡಾವಣೆಯಲ್ಲಿ ಮನೆ ಕಟ್ಟಿಸಿದ್ದರು. ಊಟ ಮುಗಿಸಿ ಮನೆ ನೋಡಲು ಹೊರಟ ಹೆಂಗಸರೆಲ್ಲ ಅಡುಗೆಮನೆಯ ಬಾಗಿಲಲ್ಲೇ ನಿಂತುಬಿಟ್ಟೆವು. ಯಾವ ಗೋಡೆಗೂ ಅಂಟದೆ ನಟ್ಟನಡುವೆ ಒಂದು ಕರಿಕಲ್ಲಿನ ಕಟ್ಟೆ, ಅದರ ಸುತ್ತ ಎತ್ತರದ ನಾಲ್ಕು ಸ್ಟೂಲು. ಐಲ್ಯಾಂಡ್ ಅನ್ನುತ್ತಾರಂತೆ. ಆಕೆ ಅದರ ಮೇಲೆ ಕೈಯಾಡಿಸುತ್ತ, "ನಾ ಈ ಕಡಿ ಅಡಿಗಿ ಮಾಡತೀನ್ರಿ, ಮನ್ಯಾಗಿನೋರು ಆ ಕಡಿ ಕುಂತು ಮಾತಾಡತಾರ" ಎಂದರು. ಆ ಮಾತಿಗೆ ನಾನು ಸೋತೆ. ಮದುವೆಯಾದಾಗಿನಿಂದ ಗೋಡೆಗೆ ಮುಖ ಮಾಡಿಯೇ ಅಡುಗೆ ಮಾಡಿದವಳು ನಾನು. ನಮ್ಮವರು ಬೆನ್ನ ಹಿಂದೆ ನಿಂತು ಹೇಳಿದ ಸುಖದುಃಖಕ್ಕೆಲ್ಲ ಒಗ್ಗರಣೆಯ ಕಡೆ ನೋಡುತ್ತ ಹೂಂಗುಟ್ಟಿದ್ದೇನೆ.

ಮನೆಗೆ ಬಂದು ವಿಷಯ ತೆಗೆದೆ. ನಮ್ಮವರು ಹೈಸ್ಕೂಲಿನಲ್ಲಿ ಗಣಿತ ಕಲಿಸುವವರು. ಬೇಕು ಬೇಡ ಎನ್ನುವ ಮೊದಲು ಪ್ರತಿಯೊಂದಕ್ಕೂ ಹೆಸರು ಇಟ್ಟು ನೋಡುವ ಅಭ್ಯಾಸ ಅವರದು. "ನಡುಗಟ್ಟಿ ಅನ್ನು. ನಡುವ ಇರತೈತಿ, ಕಟ್ಟಿ ಇರತೈತಿ, ಮುಗೀತು" ಎಂದರು. ಹೆಸರಿಟ್ಟರೆಂದರೆ ಒಪ್ಪಿದರೆಂದೇ ಲೆಕ್ಕ. ಅಂದಿನಿಂದ ನಮ್ಮ ಮನೆಯಲ್ಲಿ ಅದು ನಡುಗಟ್ಟೆಯಾಯಿತು.

ನಡುಗಟ್ಟೆಗೆ ಜಾಗವೇನೋ ಧಾರಾಳವಾಗಿತ್ತು. ನಮ್ಮ ಮನೆ ಬ್ರೂಸ್‌ಪೇಟೆಯಿಂದ ಕೂಗಳತೆಯ ದೂರದಲ್ಲಿದೆ. ಮಾವನವರು ಅಲ್ಲಿ ಒಣಮೆಣಸಿನಕಾಯಿ ವ್ಯಾಪಾರ ಮಾಡುತ್ತಿದ್ದರು. ವ್ಯಾಪಾರ ನಿಂತ ಮೇಲೆ ಮನೆಯಲ್ಲಿ ಚೀಲ ಇಡುತ್ತಿದ್ದ ಕೋಣೆಯ ಗೋಡೆ ತೆಗೆಸಿ ಅಡುಗೆಮನೆಗೆ ಸೇರಿಸಿದರಂತೆ. ಹಾಗಾಗಿ ಮಿಕ್ಕ ಕೋಣೆಗಳಲ್ಲಿ ಇಬ್ಬರು ಎದುರಾದರೆ ಒಬ್ಬರು ಗೋಡೆಗೆ ಅಂಟಿಕೊಳ್ಳಬೇಕು, ಅಡುಗೆಮನೆಯಲ್ಲಿ ಮಾತ್ರ ಮಕ್ಕಳು ಕ್ರಿಕೆಟ್ ಆಡಿದ್ದಾರೆ. ಈ ಮೈದಾನದ ಒಡತಿ ನಾನಲ್ಲ, ಗೌರತ್ತೆ.

ಗೌರತ್ತೆ ಮಾವನವರ ತಂಗಿ, ನಮ್ಮವರಿಗೆ ಸೋದರತ್ತೆ. ಅವರನ್ನು ಸಿರುಗುಪ್ಪದ ಹತ್ತಿರ ದೇಶನೂರಿಗೆ ಕೊಟ್ಟಿದ್ದರು. ಮದುವೆಯಾದ ಮೂರೇ ವರ್ಷಕ್ಕೆ ಗಂಡ ತೀರಿಕೊಂಡರು. ಅದೇ ವರ್ಷ ಇಲ್ಲಿ ಅವರ ಅತ್ತಿಗೆ, ಎಂದರೆ ನಮ್ಮವರ ತಾಯಿಯೂ ಹೋದರು. ತವರಿಗೆ ಬಂದ ಗೌರತ್ತೆ ನಾಲ್ಕು ವರ್ಷದ ಅಣ್ಣನ ಮಗನನ್ನು ಎತ್ತಿಕೊಂಡರು, ಆಮೇಲೆ ಕೆಳಗಿಳಿಸಲೇ ಇಲ್ಲ ಎಂದು ನಾನು ಈಗಲೂ ರೇಗಿಸುವುದುಂಟು. ನಾನು ಈ ಮನೆಗೆ ಬಂದಾಗ ನನಗೆ ಅತ್ತೆಯಾಗಿ ಸಿಕ್ಕವರೂ ಅವರೇ.

ದೇಶನೂರು ಗದ್ದೆಯ ಸೀಮೆ. ಎತ್ತ ನೋಡಿದರೂ ಭತ್ತ. ಅಲ್ಲಿ ಬಾಳಿ ಬಂದರೂ ಗೌರತ್ತೆಯ ಪಾಲಿಗೆ ಅನ್ನವೆಂದರೆ ಊಟದ ಕೊನೆಯಲ್ಲಿ ಬಾಯಿ ತೊಳೆಯುವ ಪದಾರ್ಥ, ಊಟವೆಂದರೆ ಜೋಳದ ರೊಟ್ಟಿ. ನೆಲದ ಮೇಲೆ ಒಂಟಿ ಗ್ಯಾಸ್ ಒಲೆ, ಅದರ ಮುಂದೆ ಮಣೆ ಹಾಕಿಕೊಂಡು ಅವರು ರೊಟ್ಟಿ ಬಡಿಯಲು ಕೂತರೆ ನಾವೆಲ್ಲ ತಟ್ಟೆ ಹಿಡಿದು ಸುತ್ತ ಕೂಡುತ್ತಿದ್ದೆವು. ಹಂಚಿನಿಂದ ಎದ್ದದ್ದು ನೇರ ತಟ್ಟೆಗೆ. ಬಚ್ಚಲಲ್ಲಿ ಸ್ನಾನ ಮಾಡುತ್ತಿದ್ದವರಿಗೂ ಬಡಿಯುವ ಸದ್ದಿನಿಂದಲೇ ಎಷ್ಟನೆಯ ರೊಟ್ಟಿ ಎಂದು ತಿಳಿಯುತ್ತಿತ್ತು. ಅವರು ರೊಟ್ಟಿ ಬಡಿಯುವಾಗ ನಾನು ಪಲ್ಯ, ಚಟ್ನಿ, ನೀರು ಎಂದು ಓಡಾಡುತ್ತಿದ್ದೆ. ನಾನು ಬಡಿದರೆ ರೊಟ್ಟಿಗೆ ಅಂಚು ಒಡೆಯುತ್ತದೆ, ಈಗಲೂ ಒಡೆಯುತ್ತದೆ.

ನಾನು ಐಲ್ಯಾಂಡ್ ನೋಡಿ ಬರುವುದಕ್ಕೆ ಎಂಟು ತಿಂಗಳ ಮೊದಲು ಗೌರತ್ತೆಯ ಮಂಡಿ ಕೈಕೊಟ್ಟಿತ್ತು. ಇನ್ನು ನೆಲದ ಮೇಲೆ ಕೂಡಲೇಬಾರದು ಎಂದರು ಡಾಕ್ಟರು. ಗೋಡೆಯ ಕಟ್ಟೆಯ ಮುಂದೆ ನಿಂತು ಬಡಿಯೋಣವೆಂದರೆ ಗೌರತ್ತೆ ಗಿಡ್ಡ. ಕಟ್ಟೆ ಅವರ ಎದೆಮಟ್ಟಕ್ಕೆ ಬರುತ್ತಿತ್ತು, ಎರಡು ರೊಟ್ಟಿ ಮುಗಿಯುವುದರೊಳಗೆ ಹೆಗಲು ಹಿಡಿದುಕೊಳ್ಳುತ್ತಿತ್ತು. ಒಂಟಿ ಒಲೆ ಅಟ್ಟ ಸೇರಿತು. ಪೇಟೆಯಿಂದ ಕಡಕ್ ರೊಟ್ಟಿ ಬರತೊಡಗಿತು. ಗೌರತ್ತೆ ವರಾಂಡದ ಕುರ್ಚಿಗೆ ಬಂದರು. ಒಂದು ದಿನ ನಾನು ಊಟಕ್ಕೆ ಕರೆದಾಗ, "ಬರೇ ತಿನ್ನಾಕ ಒಳಗ ಬರೋದಂದ್ರ ನಾ ಬೀಗರ ಮನ್ಯಾಗ ಇದ್ದಂಗ ಆತು ನೋಡವ್ವ" ಎಂದರು. ನಾನು ನಕ್ಕೆ. ಅದು ನಗುವ ಮಾತಲ್ಲ ಎಂದು ತಿಳಿಯುವಷ್ಟು ಪುರುಸೊತ್ತು ಆಗ ನನಗಿರಲಿಲ್ಲ, ತಲೆತುಂಬ ನಡುಗಟ್ಟೆಯಿತ್ತು.

ನಮ್ಮವರಿಂದ ಗ್ರಾಫ್ ಹಾಳೆ ಇಸಿದುಕೊಂಡು ನಾನೇ ನಕ್ಷೆ ಬರೆದೆ. ಏಳಡಿ ಉದ್ದ, ಮೂರಡಿ ಅಗಲ, ಮೂರಡಿ ಎತ್ತರ, ನಾಲ್ಕು ಸ್ಟೂಲು. ಯಾರ ಮೊಣಕಾಲು ಎಲ್ಲಿಗೆ ಬರುತ್ತದೆ ಎಂದು ಮನೆಮಂದಿಯನ್ನು ಗೋಡೆಗೆ ನಿಲ್ಲಿಸಿ ಅಳೆದೆ. ಒಂದೊಂದು ಸ್ಟೂಲಿನ ಪಕ್ಕ ಹೆಸರನ್ನೂ ಬರೆದೆ. ಅವರದು, ಮಗನದು, ಮಗಳದು, ಬಂದವರದು. ಗೌರತ್ತೆಯನ್ನು ಅಳೆಯಲಿಲ್ಲ. ಅಷ್ಟೆತ್ತರದ ಸ್ಟೂಲು ಅವರು ಹತ್ತುವುದಿಲ್ಲ, ಅವರಿಗೆ ವರಾಂಡದಲ್ಲಿ ಕುರ್ಚಿ ಇದ್ದೇ ಇದೆ ಎಂದುಕೊಂಡೆ.

ಸ್ಟೂಲು ಆರಿಸಲು ನಮ್ಮವರನ್ನು ಬ್ರೂಸ್‌ಪೇಟೆಯ ಒಂದು ಅಂಗಡಿಗೆ ಎಳೆದುಕೊಂಡು ಹೋದೆ. ಅಂಗಡಿಯಾತ ತೆಲುಗಿನವನು. "ಕೂರ್ಚೋಂಡಿ ಸಾರ್, ಕೂರ್ಚೋಂಡಿ" ಎಂದು ತಿರುಗುವ ಸ್ಟೂಲೊಂದನ್ನು ಮುಂದೆ ತಳ್ಳಿದ. ನಮ್ಮವರು ಹತ್ತಿ ಕೂತ ಕೂಡಲೇ ಅದು ಬೀದಿಯ ಕಡೆ ತಿರುಗಿತು. ಎದುರಿಗೆ ಅವರ ಶಾಲೆಯ ಹುಡುಗಿಯರು ಹೋಗುತ್ತಿದ್ದವರು ನಿಂತು ನಮಸ್ಕಾರ ಮಾಡಿದರು. ಮಾಸ್ತರು ನೆಲ ಸಿಗದ ಕಾಲುಗಳನ್ನು ಜೋಡಿಸಿಕೊಂಡು, ಗಾಂಭೀರ್ಯ ತಂದುಕೊಂಡು ಪ್ರತಿನಮಸ್ಕಾರ ಮಾಡಿದರು. ತಿರುಗದ ಸ್ಟೂಲೇ ಆಗಲಿ ಎಂದು ಅಲ್ಲೇ ತೀರ್ಮಾನವಾಯಿತು.

ಇನ್ನು ಉಳಿದದ್ದು, ಕಾಗದದ ಮೇಲಿನ ನಡುಗಟ್ಟೆ ನಿಜವಾಗಿ ಅಡುಗೆಮನೆಯಲ್ಲಿ ಕೂತರೆ ಸುತ್ತ ಓಡಾಡಲು ಆಗುತ್ತದೆಯೇ ಎಂಬ ಅನುಮಾನ. ನೆಲದ ಮೇಲೆ ಅದರ ಅಳತೆಯಷ್ಟೇ ಗೆರೆ ಎಳೆದು ಒಂದು ವಾರ ನೋಡೋಣವೆಂದುಕೊಂಡೆ. ನಮ್ಮವರು ಶಾಲೆಯಿಂದ ಸೀಮೆಸುಣ್ಣ ತರುತ್ತೇನೆಂದರು. ಅಷ್ಟು ಕಾಯುವ ತಾಳ್ಮೆ ನನಗೆಲ್ಲಿಯದು? ಒಂದು ಭಾನುವಾರ ರಂಗೋಲಿಯ ಡಬ್ಬಿ ತೆಗೆದುಕೊಂಡು, ಟೇಪು ಹಿಡಿದು, ನಡುಗಟ್ಟೆಯನ್ನು ರಂಗೋಲಿಯಲ್ಲೇ ಬಿಟ್ಟೆ.

ನನ್ನ ತಪ್ಪು ಮರುದಿನ ಗೊತ್ತಾಯಿತು. ರಂಗೋಲಿ ಬಿತ್ತೆಂದರೆ ಅದು ಗೌರತ್ತೆಯ ಇಲಾಖೆ. ಮಂಡಿ ಮಡಚಲಾಗದಿದ್ದರೂ ಕಾಲು ನೆಟ್ಟಗಿಟ್ಟು ನಡು ಬಗ್ಗಿಸಿ ರಂಗೋಲಿ ಹಾಕುವುದನ್ನು ಅವರು ಬಿಟ್ಟಿರಲಿಲ್ಲ. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು, ಹೊಸ್ತಿಲ ರಂಗೋಲಿ ಮುಗಿಸಿ, ಅಡುಗೆಮನೆಯ ನೆಲ ಒರೆಸಿ, ನನ್ನ ನಡುಗಟ್ಟೆಯನ್ನು ಮತ್ತೆ ಅಷ್ಟೇ ಉದ್ದ ಅಗಲಕ್ಕೆ ಎಳೆದು, ಮಧ್ಯೆ ಒಂದು ಚೆಂಡುಹೂವನ್ನೂ ಇಟ್ಟಿದ್ದರು! ಇನ್ನು ಅದನ್ನು ತುಳಿಯುವವರಾರು? ಮೂರು ಹೆಜ್ಜೆಯಲ್ಲಿ ಮುಟ್ಟುತ್ತಿದ್ದ ಫ್ರಿಜ್ಜಿಗೆ ಮಗ ಪ್ರದಕ್ಷಿಣೆ ಹಾಕಿ ಹೋಗತೊಡಗಿದ. ನಮ್ಮವರು ಕಾಫಿ ಲೋಟ ಹಿಡಿದು ಇಲ್ಲದ ಕಟ್ಟೆಯ ಅಂಚಿಗೆ ನಿಂತು, ಇಲ್ಲದ ಕಲ್ಲಿಗೆ ಮೊಣಕೈ ಊರಲು ಹೋಗಿ ಅಂಗಿಗೆ ಚೆಲ್ಲಿಕೊಂಡರು.

ಮಂಗಳವಾರ ನೋಡುತ್ತೇನೆ, ಕಿಟಕಿಯ ಕಡೆಯ ಗೆರೆ ಒಂದು ಗೇಣು ಒಳಕ್ಕೆ ಸರಿದಿದೆ. ಆ ಉದ್ದದ ಗೆರೆ ಸ್ವಲ್ಪ ದೂರ ನೆಟ್ಟಗೆ ಹೋಗಿ, ಒಳಕ್ಕೆ ತಿರುಗಿ, ಮತ್ತೆ ಹೊರಗೆ ಬಂದಿದೆ. "ಅತ್ತಿ, ಇಲ್ಲಿ ಗೆರಿ ತಪ್ಪೈತ್ರಿ" ಎಂದೆ. "ಹೌದಾ? ಕಣ್ಣು ಸರಿಯಾಗಿ ಕಾಣವಲ್ದವ್ವ" ಎಂದರು. ನಾನು ಟೇಪು ಹಿಡಿದು ನೆಟ್ಟಗೆ ಮಾಡಿದೆ. ಬುಧವಾರ ಗೆರೆ ಮತ್ತೆ ಒಳಗೆ ಹೋಗಿತ್ತು, ಈ ಸಲ ಇನ್ನೂ ನಾಲ್ಕು ಬೆರಳು ಜಾಸ್ತಿ. ಮತ್ತೆ ತಿದ್ದಿದೆ. ಗುರುವಾರ ಒಳಗೆ ಹೋದದ್ದಲ್ಲದೆ ಅಗಲವೂ ಆಗಿತ್ತು, ಪಕ್ಕದಲ್ಲಿ ತಟ್ಟೆಯಷ್ಟು ಒಂದು ದುಂಡು ಬೇರೆ. ಹೂವು ಬರೆಯಲು ಹೋಗಿ ಬಿಟ್ಟಿರಬೇಕು ಎಂದುಕೊಂಡೆ. ನಮ್ಮವರನ್ನು ಕರೆದು, ಪಾಪ, ಅತ್ತೆಗೆ ವಯಸ್ಸಾಯಿತು, ಕೈ ನಿಲ್ಲುತ್ತಿಲ್ಲ ಎಂದು ಮೆಲ್ಲಗೆ ಹೇಳಿದೆ. ಅವರು ತುಸು ಹೊತ್ತು ನೋಡಿ, "ಕೈ ನಿಲ್ಲದಿದ್ರ ಮೂಲಿ ಇಷ್ಟು ಕರೆಕ್ಟ್ ತೊಂಬತ್ತು ಡಿಗ್ರಿ ಹೆಂಗ ಬರತಾವು?" ಎಂದರು. ಗಣಿತದವರಿಗೆ ಎಲ್ಲದರಲ್ಲೂ ಗಣಿತವೇ ಕಾಣುತ್ತದೆ ಎಂದು ನಾನು ಅದನ್ನೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಶುಕ್ರವಾರ ಗೌರತ್ತೆ ಸಿರುಗುಪ್ಪದಲ್ಲಿರುವ ಮೈದುನನ ಮಗನಿಗೆ ಫೋನು ಮಾಡಿಸಿದರು. ಭಾನುವಾರ ಬಂದು ಕರೆದುಕೊಂಡು ಹೋಗು ಎಂದರು. ಎಷ್ಟು ದಿನಕ್ಕೆ ಎಂದು ನಾನು ಕೇಳಿದ್ದಕ್ಕೆ, "ನೋಡೋಣಂತ. ಇಲ್ಲಿ ನಂದೇನು ಕೆಲಸ ಐತಿ ಈಗ? ಅಲ್ಲೇ ಇದ್ರಾತು" ಎಂದರು. ಶನಿವಾರ ಅವರ ಸೀರೆಗಳು ಚೀಲ ಸೇರಿದವು. ಒಂದೆರಡಲ್ಲ, ಎಲ್ಲವೂ. ಚಳಿಗಾಲದ ಶಾಲು ಕೂಡ. ನಮ್ಮವರು ಎರಡು ಸಲ ಕೇಳಲು ಹೋಗಿ ಎರಡು ಸಲವೂ ಹವಾಮಾನದ ವಿಷಯ ಮಾತಾಡಿ ಬಂದರು. ಆದರೂ ಭಾನುವಾರ ಬೆಳಿಗ್ಗೆ ಗೆರೆ ಮತ್ತೆ ಅಲ್ಲೇ ಒಳಗೆ ಹೋಗಿತ್ತು.

ಅವತ್ತೇ ಕುರುಗೋಡಿನಿಂದ ಈರಣ್ಣ ಬಂದ. ಕಲ್ಲಿನ ಕೆಲಸದವನು, ಐವತ್ತು ದಾಟಿದ ಮನುಷ್ಯ, ಅಳತೆ ತೆಗೆದುಕೊಂಡು ಹೋಗಿ ಕಲ್ಲು ತಂದು ನಮ್ಮಲ್ಲೇ ಕೊಯ್ಯುವುದಿತ್ತು. ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬಂದವನು ರಂಗೋಲಿ ತುಳಿಯದೆ ಅದರ ಹೊರಗೇ ಕುಕ್ಕರಗಾಲಲ್ಲಿ ಕೂತು, ಗೆರೆಯ ಗುಂಟ ಟೇಪು ಹಾಸುತ್ತ, ಒಳಗೆ ಹೋದಲ್ಲಿ ಒಳಗೆ ಹೋಗಿ, ಹೊರಗೆ ಬಂದಲ್ಲಿ ಹೊರಗೆ ಬಂದು ಬರೆದುಕೊಳ್ಳತೊಡಗಿದ.

"ಅಲ್ಲಿ ತಪ್ಪಿ ಬಿದ್ದೈತಿ, ಅದನ್ನ ಬಿಟ್ಟು ಸೀದಾ ಅಳೀರಿ" ಎಂದೆ.

"ತಪ್ಪೆಲ್ಲೈತ್ರಿ ಅಕ್ಕಾರ? ಇದು ಕುಂದ್ರೋ ಜಾಗ. ಕುರ್ಚಿ ಒಳಗ ಹೋಗಾಕ ಬಿಟ್ಟಾರ. ಈ ದುಂಡು ಒಲಿ ಇರಬೇಕು, ಕುಂತಲ್ಲಿಂದ ಕೈ ಸಿಗೋವಷ್ಟ ಐತಿ ನೋಡ್ರಿ. ಬಲ್ಲೋರು ಹಾಕ್ಯಾರ." ಆಮೇಲೆ ತಲೆಯೆತ್ತಿ, "ಯಾರು ಕುಂದ್ರತಾರ್ರಿ ಇಲ್ಲಿ?" ಎಂದು ಕೇಳಿದ.

ನಾನು ಬಾಯಿ ತೆರೆಯುವ ಮೊದಲು ಬಾಗಿಲ ಕಡೆಯಿಂದ ಉತ್ತರ ಬಂತು.

"ನಾನಪ್ಪ."

ಗೌರತ್ತೆ ಬಾಗಿಲ ಚೌಕಟ್ಟು ಹಿಡಿದು ನಿಂತಿದ್ದರು. ನನಗೆ ನಾಚಿಕೆಯಾಯಿತು, ಅದನ್ನು ಬೇರೆ ಯಾವ ಮಾತಿನಲ್ಲೂ ಹೇಳಲಾರೆ. ಒಂದು ವಾರ ಆ ಮುದುಕಿ ನಡು ಬಗ್ಗಿಸಿ ದಿನವೂ ಒಂದೇ ಮಾತು ಹೇಳಿದ್ದರು, ನಾನು ಟೇಪು ಹಿಡಿದು ದಿನವೂ ಅಳಿಸಿದ್ದೆ.

ಈರಣ್ಣನಿಗೆ ನಮ್ಮ ಮುಖ ನೋಡುವ ಉಸಾಬರಿ ಇರಲಿಲ್ಲ. ಮಂಡಿಯ ವಿಷಯ, ರೊಟ್ಟಿಯ ವಿಷಯ ಕೇಳಿಕೊಂಡ. ಹಿತ್ತಲಿಂದ ಇಟ್ಟಿಗೆ ತಂದು ಎರಡು ಸಾಲು ಜೋಡಿಸಿ ಮೇಲೆ ಹಲಗೆ ಇಟ್ಟ, ಮುಂದೆ ವರಾಂಡದ ಕುರ್ಚಿ ಹಾಕಿದ. "ಕುಂದರ್ರಿ ಅಮ್ಮಾ. ಹಂಗ ಬಡೀರಿ, ಹಿಟ್ಟು ಐತಿ ಅಂದ್ಕೊಂಡು." ಗೌರತ್ತೆ ಸಂಕೋಚಪಡುತ್ತ ಬರೀ ಹಲಗೆಯ ಮೇಲೆ ಬಡಿದರು. ಈರಣ್ಣ ಅವರ ಕೈ ನೋಡಲಿಲ್ಲ, ಹೆಗಲು ನೋಡುತ್ತಿದ್ದ. "ಹೆಗಲು ಏಳಾಕತ್ತೈತಿ" ಎಂದು ಎರಡೂ ಕಡೆ ಒಂದೊಂದು ಇಟ್ಟಿಗೆ ತೆಗೆದ. ಮತ್ತೆ ಬಡಿಸಿದ. ಇನ್ನೊಂದು ತೆಗೆದ. ಮೂರನೆಯ ಸಲ ಸದ್ದು ಬದಲಾಯಿತು. ಎಂಟು ತಿಂಗಳಿಂದ ಕೇಳದಿದ್ದ ಸದ್ದು ಅಡುಗೆಮನೆ ತುಂಬಿತು. ವರಾಂಡದಲ್ಲಿ ಪೇಪರು ಓದುತ್ತಿದ್ದ ನಮ್ಮವರು ಎದ್ದು ಬಂದು, ಪೇಪರು ಹಿಡಿದುಕೊಂಡೇ ನಿಂತರು. ಅವರ ಕಣ್ಣು ಒದ್ದೆಯಾಗಿತ್ತು. "ಎರಡಡಿ ಎರಡಿಂಚು" ಎಂದು ಈರಣ್ಣ ಬರೆದುಕೊಂಡ. "ಇಷ್ಟುದ್ದ ಕಲ್ಲು ತಗ್ಗಿಸಿ ಕೂಡಸ್ತೀನಿ, ಕೆಳಗ ಕಾಲು ಚಾಚಾಕ ಖಾಲಿ ಬಿಡತೀನಿ. ಆದ್ರ ಅಮ್ಮಾ, ಒಬ್ಬರಿಗೆ ಎರಡೂವರಿ ಅಡಿ ಸಾಕು. ಇಲ್ಲಿ ನಾಕೂವರಿ ಐತಿ."

ನನ್ನ ನಾಚಿಕೆ ಅಷ್ಟರಲ್ಲಿ ಆರಿಹೋಗಿ ಮತ್ತೆ ಯೋಜನೆ ಎದ್ದು ನಿಂತಿತ್ತು, ಬುದ್ಧಿ ಎಲ್ಲಿ ಹೋಗುತ್ತದೆ? "ಹೌದ್ರಿ ಅತ್ತಿ, ಒಂದೀಟು ಕಮ್ಮಿ ಮಾಡೋಣ. ಇಲ್ಲಂದ್ರ ಒಂದು ಸ್ಟೂಲಿಗೆ ಜಾಗ ಸಾಲಲ್ಲ" ಎಂದೆ.

"ಬಂದೋರ ಸ್ಟೂಲು ತಗಿ. ಬಂದೋರು ವರಾಂಡದಾಗ ಕುಂದ್ರತಾರ."

"ಮತ್ತ ನಿಮಗ್ಯಾಕ್ರಿ ಅಷ್ಟು ಅಗಲ?"

"ನನಗೊಬ್ಬಾಕಿಗ ಅಲ್ಲ." ಗೌರತ್ತೆ ಹಲಗೆಯ ಮೇಲಿಂದ ಕೈ ತೆಗೆಯದೆ ನನ್ನ ಕಡೆ ತಿರುಗಿದರು. "ನಿನ್ನ ಕಾಗದದಾಗ ಏನು ಬರದೈತಂತ ಮೊಮ್ಮಗಳ ಕಡಿಂದ ಓದಿಸೀನಿ. ಗಂಡಂದು ಐತಿ, ಮಗಂದು ಐತಿ, ಮಗಳದು ಐತಿ, ಬಂದೋರ್ದೂ ಐತಿ. ನಾ ಹೆಂಗೋ ಮುದುಕಿ, ಮರತಿ. ನೀ ಎಲ್ಲಿ ಕುಂದ್ರತೀ?"

ನಾನು ಹೋಗಿ ಗ್ರಾಫ್ ಹಾಳೆ ತಂದು ನೋಡಿದೆ. ನಾನೇ ಬರೆದದ್ದು, ನನ್ನದೇ ಪೆನ್ಸಿಲು. ನಾಲ್ಕು ಸ್ಟೂಲಿಗೆ ನಾಲ್ಕು ಹೆಸರಿತ್ತು. ಯಾರೆಂದೇ ಗೊತ್ತಿಲ್ಲದ, ಇನ್ನೂ ಬಂದೇ ಇರದ ಒಬ್ಬರಿಗೆ ಮೊಣಕಾಲಿನ ಅಂತರ ಬಿಟ್ಟು ಜಾಗ ಮಾಡಿದ್ದೆ. ನನಗೆ ಮಾಡಿಕೊಂಡಿರಲಿಲ್ಲ. ಗೋಡೆಗೆ ನಿಲ್ಲಿಸಿ ಅಳೆದವರಲ್ಲಿ ನಾನೂ ಇರಲಿಲ್ಲ. ನನಗೆ ಅಳು ಬಂತು. ಈರಣ್ಣ ಗಾಬರಿಯಾಗಿ, "ನಾಕೂವರಿನ ಇರಲಿ ಬಿಡ್ರಿ ಅಕ್ಕಾರ" ಎಂದ.

ಮಧ್ಯಾಹ್ನ ಸಿರುಗುಪ್ಪದ ಹುಡುಗ ಕಾರು ತೆಗೆದುಕೊಂಡು ಬಂದ. ಉಂಡು, ಒಬ್ಬನೇ ಹೋದ.

ಕಲ್ಲು ಬಂತು, ಒಲೆ ಅಟ್ಟದಿಂದ ಇಳಿಯಿತು. ಮೊದಮೊದಲು ನನಗೆ ಕೂಡಲು ಬರುತ್ತಿರಲಿಲ್ಲ. ಒಂದು ತುತ್ತು ಹಾಕಿಕೊಂಡರೆ ಉಪ್ಪು ನೆನಪಾಗುವುದು, ಇನ್ನೊಂದಕ್ಕೆ ನೀರು. ಏಳಲು ಹೋದಾಗಲೆಲ್ಲ ಗೌರತ್ತೆ ಹಿಟ್ಟಿನ ಕೈಯಿಂದಲೇ ನನ್ನ ತೊಡೆ ಒತ್ತಿ ಕೂಡಿಸುತ್ತಿದ್ದರು. ಆ ದಿನಗಳ ನನ್ನ ಸೀರೆಗಳಿಗೆಲ್ಲ ಜೋಳದ ಹಿಟ್ಟಿನ ಐದು ಬೆರಳಿನ ಗುರುತು. ನೀರು ಬೇಕಾದವರು ಎದ್ದು ತೆಗೆದುಕೊಳ್ಳುವುದನ್ನು ಕಲಿತರು. ಆರು ವರ್ಷ ಹೀಗೆ ನಡೆಯಿತು.

ಹೋದ ವರ್ಷ ಗೌರತ್ತೆಯ ಕೈಯಲ್ಲೂ ಶಕ್ತಿ ಇಳಿಯಿತು. ಎರಡು ರೊಟ್ಟಿಗೆ ದಣಿಯುತ್ತಿದ್ದರು. ಒಂದು ದಿನ ತಗ್ಗಿನ ಕಲ್ಲು ಒರೆಸಿ ಕುರ್ಚಿಯಿಂದ ಎದ್ದರು. "ಬಡಿಯಾಕ ಆಗದಾಕಿ ಈ ಜಾಗ ಹಿಡ್ಕೊಂಡು ಕುಂದ್ರಬಾರ್ದು. ಇನ್ನ ನೀ ಅಗಲಾಗಿ ಕುಂದ್ರು" ಎಂದು ವರಾಂಡಕ್ಕೆ ಹೋದರು. ನಾನು ಹೋಗಿ ಕರೆದೆ, ಬೇಡಿಕೊಂಡೆ, ಸಿಡುಕಿದೆ. ಬರಲಿಲ್ಲ. ಊಟ ಅಲ್ಲೇ ತರಿಸಿಕೊಂಡರು. ರೊಟ್ಟಿ ನಾನೇ ಬಡಿದೆ. ಆದರೆ ನಾಲ್ಕೂವರೆ ಅಡಿಯಲ್ಲಿ ಒಬ್ಬಳೇ ಕೂತರೆ ತುತ್ತು ಇಳಿಯಲೊಲ್ಲದು. ತಟ್ಟೆ ಕೈಯಲ್ಲಿ ಹಿಡಿದು, ಪಾತ್ರೆ ತೊಳೆಯುವ ಸಿಂಕಿನ ಹತ್ತಿರ ನಿಂತೇ ತಿಂದೆ. ಮರುದಿನವೂ ಹಾಗೇ. ನಾಟಕ ಮಾಡಿದ್ದಲ್ಲ, ನಂಬಿ. ವರಾಂಡದಿಂದ ಸಿಂಕು ಕಾಣುತ್ತದೆ ಎಂಬುದು ಮಾತ್ರ ನನಗೆ ಗೊತ್ತಿತ್ತು.

ಮೂರನೆಯ ದಿನ ನಾನು ಎರಡನೆಯ ರೊಟ್ಟಿಯ ಅರ್ಧದಲ್ಲಿದ್ದಾಗ ಕೋಲು ಕುಟ್ಟಿಕೊಂಡು ಒಳಗೆ ಬಂದರು. "ಏನವ್ವಾ, ನಿಂತು ಮೇಯಾಕ ದನ ಆದಿಯೇನು?" ಎಂದು ಗದರಿಸಿ, ಕುರ್ಚಿ ಎಳೆದುಕೊಂಡು ತಮ್ಮ ಕಡೆ ಕೂತು, ನನ್ನ ಕುರ್ಚಿಯ ಮೇಲೆ ಕೈ ಬಡಿದು, "ಕುಂದ್ರು" ಎಂದರು. ನಾನು ಕೂತೆ. ಇಬ್ಬರೂ ಒಂದೇ ತಟ್ಟೆಯಲ್ಲಿ ಉಂಡೆವು.

ಪಕ್ಕದ ಮನೆಯ ಯಂತ್ರ ಈಗ ನಿಂತಿದೆ. ಇದನ್ನು ನಾನು ಅಲ್ಲೇ, ನಡುಗಟ್ಟೆಯ ತಗ್ಗಿನ ಕಲ್ಲಿನ ಮೇಲೆ ಕಾಗದ ಇಟ್ಟುಕೊಂಡು ಬರೆಯುತ್ತಿದ್ದೇನೆ. ಎಪ್ಪತ್ತೆಂಟರ ಗೌರತ್ತೆ ಪಕ್ಕದಲ್ಲಿ ಕೂತು ಅವರೆಕಾಯಿ ಬಿಡಿಸುತ್ತಿದ್ದಾರೆ. ಒಂದೊಂದು ಕಾಯಿ ಬಿಡಿಸಿದಾಗಲೂ ಅವರ ಮೊಣಕೈ ನನ್ನ ಮೊಣಕೈಗೆ ತಾಗಿ ಅಕ್ಷರ ಸೊಟ್ಟಗಾಗುತ್ತದೆ. "ಅತ್ತಿ, ಒಂದೀಟು ಆ ಕಡಿ ಸರೀರಿ" ಎಂದೆ. "ನೀನ ಸರಿ" ಎಂದರು. ಇಬ್ಬರೂ ಸರಿಯಲಿಲ್ಲ.